ಸಿಸ್ಟರ್ ಎಲಿಜಬೆತ್ ಕೆನ್ನಿ

ಕಳೆದ ವರ್ಷ ಮಳೆಗಾಲದುದ್ದಕ್ಕೂ ವಾರಕ್ಕೆ ಎರಡು ದಿನ ನಾನು ಬೆಳ್ತಂಗಡಿಯಿಂದ ಮೂಡುಬಿದಿರೆಗೆ ಬಸ್ಸಿನಲ್ಲಿ ಹೋಗಿಬರಬೇಕಾಯಿತು. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಅಷ್ಟೊಂದು ಗೈರುಹಾಜರಿ ಏಕೆ ಎಂದು ಕೇಳಿದ ಉಪನ್ಯಾಸಕರಿಗೆ ಆಗ ನಾನು ಸರಿಯಾದ ಉತ್ತರ ಕೊಡಲಿಲ್ಲ. ಈ ಲೇಖನವೇ ಆ ಉತ್ತರವೆಂದು ಅವರು ದಯವಿಟ್ಟು ತಿಳಿಯಬೇಕು.

ನನ್ನ ಅಕ್ಕನ ಮಗು ಹುಟ್ಟಿದಾಗ ಬಹಳ ತಡವಾಗಿ ಅತ್ತಿತು. ವರ್ಷ ತುಂಬಿದರೂ ಕುಳಿತುಕೊಳ್ಳಲಿಲ್ಲ. ಕಂಕುಳಿಗೆ ಕೈಕೊಟ್ಟು ನಿಲ್ಲಿಸಿದರೆ ಎರಡು ಕಾಲುಗಳೂ ಕತ್ತರಿಯಂತೆ ಒಂದರ ಮೇಲೊಂದು ಹೆಣೆದುಕೊಳ್ಳುತ್ತಿದ್ದವು. ಕೆಲವು ಮಕ್ಕಳು ನಿಧಾನ, ತಾನಾಗಿ ಸರಿಹೋಗುತ್ತದೆ ಎಂದು ಹೇಳಿ ಒಬ್ಬ ವೈದ್ಯರು ನಮ್ಮನ್ನು ಕಳುಹಿಸಿಬಿಟ್ಟರು. ಅದನ್ನು ನಂಬಿ ಆರು ತಿಂಗಳು ಕಳೆದೆವು. ಇನ್ನೊಬ್ಬರು ಮಗುವನ್ನು ನೋಡಿದೊಡನೆ, ಹುಟ್ಟುವಾಗ ಮೆದುಳಿಗೆ ಪೆಟ್ಟಾಗಿದೆ, ಸ್ನಾಯುಗಳು ಬಿಗಿದಿವೆ, ಇದು ಔಷಧದ ಬಾಟಲಿಯಿಂದ ಆಗುವ ಕೆಲಸವಲ್ಲ, ಫಿಸಿಯೋಥೆರಪಿ ಮಾಡಿಸಿರಿ ಎಂದರು. ಭಾವ ಮುಂಬಯಿಯಲ್ಲಿ ಹೋಟೆಲಿನ ಕೆಲಸದಲ್ಲಿರುವವರು. ಅಕ್ಕ ಬೀಡಿ ಕಟ್ಟಿ ಮನೆ ನಡೆಸುವವಳು. ಆದುದರಿಂದ ಗುರುವಾಯನಕೆರೆ, ವೇಣೂರು ದಾಟಿ ಮೂಡುಬಿದಿರೆಯವರೆಗೆ ಮಗುವಿನ ಚೀಲವನ್ನೂ ಕೊಡೆಯನ್ನೂ ಹೊತ್ತು ಜೊತೆಗೆ ಹೋಗುವ ಕೆಲಸ ನನ್ನ ಪಾಲಿಗೆ ಬಂದಿತು.

ಅಲ್ಲಿ ನಾನು ಕಂಡದ್ದು ನಾನೆಣಿಸಿದ ಆಸ್ಪತ್ರೆಯಂತಿರಲಿಲ್ಲ. ನೆಲದ ಮೇಲೊಂದು ಹಾಸು, ದೊಡ್ಡದೊಂದು ರಬ್ಬರಿನ ಚೆಂಡು, ಗಿಲಕಿ, ಗೋಡೆಗೊಂದು ಕನ್ನಡಿ. ಚಿಕಿತ್ಸೆ ಮಾಡುವ ಹೆಂಗಸು ಮಗುವಿನ ತೊಡೆಯನ್ನು ಮೆಲ್ಲಮೆಲ್ಲನೆ ಬಿಡಿಸುತ್ತಾ, ಅದನ್ನೇ ಅಕ್ಕನ ಕೈಯಿಂದ ಮಾಡಿಸುತ್ತಾ ಇದ್ದರು. ತನ್ನದು ಅರ್ಧ ಗಂಟೆಯ ಕೆಲಸ, ಉಳಿದ ಇಪ್ಪತ್ತಮೂರೂವರೆ ಗಂಟೆ ತಾಯಿಯದು ಎಂಬುದು ಅವರ ಲೆಕ್ಕ. ಹೀಗೆ ಕೈಯಿಂದಲೇ ಮಕ್ಕಳನ್ನು ಎಬ್ಬಿಸಬಹುದೆಂದು ಮೊದಲು ತೋರಿಸಿದವರು ಯಾರು ಎಂದು ನಾನು ಒಂದು ದಿನ ಕೇಳಿದೆ. ಒಬ್ಬರ ಹೆಸರನ್ನೇ ಹೇಳಲಾಗದು, ಆದರೆ ಕೆನ್ನಿ ಎಂಬಾಕೆಯ ಚರಿತ್ರೆಯನ್ನು ಓದಿ ನೋಡು ಎಂದರು. ಓದಿದೆ. ಓದಿದುದನ್ನು ಸಂಗ್ರಹವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಎಲಿಜಬೆತ್ ಕೆನ್ನಿ 1880ರ ಸೆಪ್ಟೆಂಬರ್ 20ರಂದು ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಪ್ರಾಂತದ ವಾರಿಯಾಲ್ಡ ಎಂಬ ಊರಿನಲ್ಲಿ ಹುಟ್ಟಿದಳು. ತಂದೆ ಐರ್ಲೆಂಡಿನಿಂದ ಬಂದ ಬೇಸಾಯಗಾರ. ಕುಟುಂಬವು ಊರಿಂದೂರಿಗೆ ಅಲೆದು ಕೊನೆಗೆ ಕ್ವೀನ್ಸ್‌ಲೆಂಡಿನ ನಾಬಿ ಎಂಬ ಸಣ್ಣ ಹಳ್ಳಿಯಲ್ಲಿ ನೆಲೆನಿಂತಿತು. ಹೀಗಿರುವಾಗ ಶಾಲೆಯ ಓದು ಎಷ್ಟಾದೀತು? ಅಷ್ಟೇ ಆಯಿತು. ಹದಿನೇಳರ ಸುಮಾರಿಗೆ ಕುದುರೆಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡ ಈ ಹುಡುಗಿಯನ್ನು ಟೂವೂಂಬ ಪಟ್ಟಣದ ವೈದ್ಯ ಈನಿಯಸ್ ಮ್ಯಾಕ್‌ಡೊನೆಲ್ ಎಂಬವರು ತಮ್ಮಲ್ಲಿ ಇರಿಸಿಕೊಂಡು ಗುಣಪಡಿಸಿದರು. ಕೈ ಕೂಡುವವರೆಗೆ ಹೊತ್ತು ಹೋಗಬೇಕಲ್ಲ! ವೈದ್ಯರ ಮನೆಯಲ್ಲಿದ್ದ ಅಂಗರಚನೆಯ ಪುಸ್ತಕಗಳನ್ನೂ ಅಸ್ಥಿಪಂಜರವನ್ನೂ ಅವಳು ಹಗಲಿಡೀ ನೋಡುತ್ತಾ ಕುಳಿತಳು. ಊರಿಗೆ ಮರಳಿದ ಮೇಲೆ ಬಡಕಲು ಶರೀರದ ತಮ್ಮನೊಬ್ಬನ ಮೇಲೆ ಆ ವಿದ್ಯೆಯನ್ನು ಪ್ರಯೋಗಿಸಿ, ಒಂದೊಂದು ಸ್ನಾಯುವಿಗೂ ಅಭ್ಯಾಸ ಕೊಟ್ಟು ಅವನನ್ನು ಗಟ್ಟಿಯಾಗಿ ಬೆಳೆಸಿದಳಂತೆ.

ಮುಂದೆ ಅವರು ದಾದಿಯ ಕೆಲಸಕ್ಕೆ ಇಳಿದರು. ಇಲ್ಲೊಂದು ಮಾತನ್ನು ಮರೆಮಾಚದೆ ಹೇಳಬೇಕು. ಕೆನ್ನಿಯವರು ಯಾವ ದಾದಿಯರ ಶಾಲೆಯಲ್ಲೂ ಕಲಿತು ಪ್ರಮಾಣಪತ್ರ ಪಡೆದವರಲ್ಲ. ಕಲಿತಿದ್ದೇನೆಂದು ಮುಂದೆ ಅವರು ಹೇಳಿಕೊಂಡದ್ದು ನಿಜವಲ್ಲ. ಕುದುರೆಯೇರಿ ಹೊಲಗಳ ನಡುವಿನ ಒಂಟಿ ಮನೆಗಳಿಗೆ ಹೋಗಿ ಹೆರಿಗೆ ಮಾಡಿಸುವುದು, ಜ್ವರದವರನ್ನು ನೋಡಿಕೊಳ್ಳುವುದು, ಇದೇ ಅವರ ಶಾಲೆ. 1911ರಲ್ಲಿ ಇಂಥ ಒಂದು ಮನೆಯಲ್ಲಿ ಜ್ವರ ಬಂದು ಕೈಕಾಲು ಸೆಟೆದು ನೋವಿನಿಂದ ಚೀರುತ್ತಿದ್ದ ಎರಡು ವರ್ಷದ ಹೆಣ್ಣುಮಗುವನ್ನು ಕಂಡರಂತೆ. ಮ್ಯಾಕ್‌ಡೊನೆಲ್ ಅವರಿಗೆ ತಂತಿ ಕಳುಹಿಸಿದರೆ, ಇದು ಶಿಶುಗಳ ಪಾರ್ಶ್ವವಾಯು, ಗೊತ್ತಿರುವ ಚಿಕಿತ್ಸೆಯಿಲ್ಲ, ಕಂಡ ಲಕ್ಷಣಕ್ಕೆ ತಕ್ಕಂತೆ ಕೈಲಾದುದನ್ನು ಮಾಡು ಎಂಬ ಅರ್ಥದ ಉತ್ತರ ಬಂದಿತು. ಕೆನ್ನಿ ಉಣ್ಣೆಯ ಕಂಬಳಿಯನ್ನು ಪಟ್ಟಿಪಟ್ಟಿಯಾಗಿ ಹರಿದು, ಕುದಿಯುವ ನೀರಿನಲ್ಲಿ ಅದ್ದಿ ಹಿಂಡಿ, ಸೆಟೆದ ಸ್ನಾಯುಗಳಿಗೆ ಸುತ್ತಿದರು. ಮಗುವಿನ ಅಳು ನಿಂತಿತು. ಈ ಕಥೆ ಅವರ ಆತ್ಮಚರಿತ್ರೆಯದು. ಅದರ ವರ್ಷವನ್ನೂ ವಿವರವನ್ನೂ ಸಂಶಯಿಸುವ ಚರಿತ್ರಕಾರರೂ ಇದ್ದಾರೆ. ಆದರೆ ಬಿಸಿ ಉಣ್ಣೆಯ ಪಟ್ಟಿಯ ಬಗ್ಗೆ ಸಂಶಯವಿಲ್ಲ. ಮುಂದೆ ಅದೇ ಅವರ ಗುರುತಾಯಿತು.

ನಾನು ಇದನ್ನು ಓದಿ ಹೇಳಿದಾಗ ಅಕ್ಕ ನಕ್ಕುಬಿಟ್ಟಳು. ನಮ್ಮ ಅಜ್ಜಿ ಬಚ್ಚಲಿನ ಹಂಡೆಯ ಬಿಸಿನೀರಿನಲ್ಲಿ ಮಕ್ಕಳನ್ನು ಕಾಲ ಮೇಲೆ ಮಲಗಿಸಿ, ತೆಂಗಿನೆಣ್ಣೆ ತಿಕ್ಕಿ, ಕೈಕಾಲು ಎಳೆದು ನೀವಿ ಮೀಯಿಸುತ್ತಿದ್ದುದು ಅವಳ ನೆನಪಿಗೆ ಬಂದಿರಬೇಕು. ಎರಡೂ ಒಂದೇ ಅಲ್ಲ, ನಿಜ. ಅಜ್ಜಿಗೆ ಯಾವ ಸ್ನಾಯು ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆಂದು ತಿಳಿದಿರಲಿಲ್ಲ; ಕೆನ್ನಿಗೆ ತಿಳಿದಿತ್ತು.

1915ರಲ್ಲಿ ಅವರು ಯುದ್ಧದ ಸೇವೆಗೆ ಸೇರಿ, ಗಾಯಾಳು ಸೈನಿಕರನ್ನು ಊರಿಗೆ ಕರೆತರುವ ಹಡಗುಗಳಲ್ಲಿ ದುಡಿದರು. 1917ರಲ್ಲಿ ಸಿಸ್ಟರ್ ಪದವಿ ದೊರೆಯಿತು. ನಮ್ಮ ಜಿಲ್ಲೆಯಲ್ಲಿ ಸಿಸ್ಟರ್ ಎಂದೊಡನೆ ಕಾನ್ವೆಂಟಿನ ಸನ್ಯಾಸಿನಿಯರು ಕಣ್ಣಿಗೆ ಕಟ್ಟುತ್ತಾರೆ. ಇದು ಹಾಗಲ್ಲ, ಸೈನ್ಯದ ದಾದಿಯರಿಗಿದ್ದ ಒಂದು ದರ್ಜೆ. ಅದನ್ನು ಅವರು ಸಾಯುವವರೆಗೂ ಬಿಡಲಿಲ್ಲ. 1927ರಲ್ಲಿ ಗಾಯಾಳುಗಳನ್ನು ಅಲುಗದಂತೆ ಸಾಗಿಸುವ ಸ್ಟ್ರೆಚರೊಂದನ್ನು ರಚಿಸಿ ಪೇಟೆಂಟ್ ಪಡೆದರು. ಮದುವೆಯಾಗಲಿಲ್ಲ, ಒಬ್ಬ ಹುಡುಗಿಯನ್ನು ದತ್ತು ತೆಗೆದುಕೊಂಡು ಸಾಕಿದರು.

ಐವತ್ತು ದಾಟಿದ ಮೇಲೆ ಅವರ ನಿಜವಾದ ಜೀವನ ಪ್ರಾರಂಭವಾಯಿತೆನ್ನಬೇಕು. 1932ರಲ್ಲಿ ಕ್ವೀನ್ಸ್‌ಲೆಂಡಿನ ಟೌನ್ಸ್‌ವಿಲ್ ಪಟ್ಟಣದ ಒಂದು ಹಿತ್ತಲಲ್ಲಿ ಅವರು ಚಿಕಿತ್ಸಾಲಯ ತೆರೆದರು. ಅಲ್ಲಿಗೆ ಪೋಲಿಯೋದಿಂದ ಕಾಲು ಕಳೆದುಕೊಂಡ ಮಕ್ಕಳು ಬಂದರು. ನಮ್ಮ ಮಗುವಿನಂತೆ ಮೆದುಳಿನ ಪೆಟ್ಟಿನಿಂದ ಬಿಗಿದುಹೋದ ಮಕ್ಕಳೂ ಬಂದರು. ಈ ಒಂದು ವಾಕ್ಯವನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆನು.

ಆ ಕಾಲದಲ್ಲಿ ಪೋಲಿಯೋಗೆ ದೊಡ್ಡ ಆಸ್ಪತ್ರೆಗಳಲ್ಲಿ ಏನು ಮಾಡುತ್ತಿದ್ದರೆಂಬುದನ್ನು ತಿಳಿಯದೆ ಕೆನ್ನಿಯವರ ಕೆಲಸ ಅರ್ಥವಾಗದು. ಬಲವುಳ್ಳ ಸ್ನಾಯು ಬಲಗುಂದಿದ ಸ್ನಾಯುವನ್ನು ಎಳೆದು ಅಂಗವನ್ನು ಸೊಟ್ಟ ಮಾಡುತ್ತದೆ, ಆದುದರಿಂದ ಅಲುಗಾಡದಂತೆ ಕಟ್ಟಬೇಕು ಎಂಬುದು ಪಂಡಿತರ ತರ್ಕ. ಮಕ್ಕಳ ಕೈಕಾಲುಗಳನ್ನು ಪ್ಲಾಸ್ಟರಿನಲ್ಲಿಯೂ ಮರ, ಲೋಹಗಳ ಪಟ್ಟಿಗಳಲ್ಲಿಯೂ ವಾರಗಟ್ಟಲೆ, ತಿಂಗಳುಗಟ್ಟಲೆ ಬಿಗಿದಿಡುತ್ತಿದ್ದರು. ನನ್ನ ಸೋದರಮಾವ ಒಬ್ಬರು ಬಂಟ್ವಾಳದಲ್ಲಿದ್ದಾರೆ, ಹೊಲಿಗೆಯ ಅಂಗಡಿ ಇಟ್ಟಿದ್ದಾರೆ. 1964ರಲ್ಲಿ ಹುಟ್ಟಿದ ಅವರಿಗೆ ಎರಡನೆಯ ವರ್ಷದಲ್ಲಿ ಪೋಲಿಯೋ ತಗಲಿತು. ಬಲಗಾಲನ್ನು ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿ ಇರಿಸಿದ್ದರೆಂದೂ, ಬಿಚ್ಚಿದಾಗ ಕಾಲು ನುಗ್ಗೆಕಾಯಿಯಂತೆ ಆಗಿತ್ತೆಂದೂ ಅಮ್ಮ ಹೇಳುತ್ತಾಳೆ. ಆ ಬಳಿಕ ಅವರು ಬಲಗೈಯನ್ನು ಮೊಣಕಾಲಿನ ಮೇಲೆ ಊರಿ, ಹೆಜ್ಜೆಗೊಮ್ಮೆ ಬಾಗಿ ನಡೆಯುತ್ತಾರೆ. ಕಾಲು ಒಣಗಿದ್ದು ಪ್ಲಾಸ್ಟರಿನಿಂದ ಎಂದು ನಾನು ಹೇಳಲಾರೆ. ಬೆನ್ನುಹುರಿಯ ನರಕೋಶಗಳನ್ನು ವೈರಸ್ಸು ಕೊಂದರೆ ಕಾಲು ಒಣಗಿಯೇ ಒಣಗುತ್ತದೆ. ಆದರೆ ಉಳಿದಿದ್ದ ಸ್ನಾಯುಗಳಿಗೆ ಕೆಲಸ ಕಲಿಸುವವರು ಯಾರೂ ಆಗ ಅವರಿಗೆ ದೊರೆಯಲಿಲ್ಲ.

ಕೆನ್ನಿಯವರು ಪ್ಲಾಸ್ಟರನ್ನೂ ಪಟ್ಟಿಗಳನ್ನೂ ಕಳಚಿಹಾಕಿದರು. ಮೊದಲು ಬಿಸಿ ಪಟ್ಟಿ: ಮೈ ಸುಡುವ ನೀರು ತೊಟ್ಟಿಕ್ಕದಂತೆ ಚೆನ್ನಾಗಿ ಹಿಂಡಿದ ಉಣ್ಣೆ, ಅದರ ಮೇಲೆ ನೀರು ಹೀರದ ಬಟ್ಟೆ, ಅದರ ಮೇಲೆ ಒಣ ಉಣ್ಣೆ, ಕೀಲುಗಳಿಗೆ ಮಾತ್ರ ಏನನ್ನೂ ಸುತ್ತುವಂತಿಲ್ಲ. ನೋವೂ ಸೆಡೆತವೂ ಇಳಿದ ಮೇಲೆ ಅಂಗವನ್ನು ತಾವೇ ಮೆಲ್ಲನೆ ಅಲುಗಿಸುವುದು. ಆಮೇಲೆ ಕಲಿಕೆ. ಸ್ನಾಯು ಸೇರುವ ಜಾಗವನ್ನು ಬೆರಳಿನಿಂದ ಮುಟ್ಟಿ ತೋರಿಸಿ, ಮನಸ್ಸನ್ನು ಅಲ್ಲಿಗೆ ತರುವಂತೆ ಮಗುವಿಗೆ ಹೇಳುವುದು. ಎಷ್ಟೋ ಸ್ನಾಯುಗಳು ಸತ್ತಿರುವುದಿಲ್ಲ, ಮನಸ್ಸು ಅವುಗಳ ದಾರಿಯನ್ನು ಮರೆತಿರುತ್ತದೆ ಎಂಬುದು ಅವರ ನಂಬಿಕೆ.

ವೈದ್ಯಲೋಕ ಸಿಟ್ಟಿಗೆದ್ದಿತು. ಬ್ರಿಸ್ಬೇನಿನಲ್ಲಿ ಅವರ ಪ್ರದರ್ಶನವನ್ನು ನೋಡಿ ಪಂಡಿತರು ನಗೆಯಾಡಿದರು. ತಂದೆತಾಯಿಗಳು ಮಾತ್ರ ನಗಲಿಲ್ಲ. ಅವರ ಒತ್ತಾಯಕ್ಕೆ ಮಣಿದು 1934ರಲ್ಲಿ ಸರಕಾರವೇ ಕೆನ್ನಿ ಚಿಕಿತ್ಸಾಲಯಗಳಿಗೆ ಬೆಂಬಲ ಕೊಟ್ಟಿತು. ಮರುವರ್ಷ ನೇಮಕವಾದ ವೈದ್ಯರ ರಾಯಲ್ ಕಮಿಷನ್ 1938ರಲ್ಲಿ ವರದಿ ಕೊಟ್ಟು, ಅಂಗಗಳನ್ನು ಕಟ್ಟದೆ ಬಿಡುವುದು ಘೋರವಾದ ತಪ್ಪು, ಅದರಲ್ಲೂ ಎಳೆಮಕ್ಕಳಿಗೆ ಅಪಾಯಕರ ಎಂದು ತೀರ್ಮಾನಿಸಿತು. ಆದರೂ ಸರಕಾರ ಬ್ರಿಸ್ಬೇನಿನ ಆಸ್ಪತ್ರೆಯಲ್ಲಿ ಅವರಿಗೊಂದು ವಾರ್ಡನ್ನು ಕೊಟ್ಟಿತು!

1940ರಲ್ಲಿ, ಅರುವತ್ತರ ಹೊಸ್ತಿಲಿನಲ್ಲಿ, ಅವರು ಅಮೇರಿಕಕ್ಕೆ ಹೊರಟರು. ಆ ದೇಶ ಪೋಲಿಯೋದ ಹೆಸರಿಗೇ ನಡುಗುತ್ತಿತ್ತು. 1916ರ ಒಂದೇ ವರ್ಷ ಅಲ್ಲಿ ಸುಮಾರು 27,000 ಮಂದಿಗೆ ರೋಗ ತಗಲಿತ್ತು, ಅಧ್ಯಕ್ಷ ರೂಸ್‌ವೆಲ್ಟರೇ ಆ ರೋಗದಿಂದ ಕಾಲು ಕಳೆದುಕೊಂಡವರು. ನ್ಯೂಯಾರ್ಕಿನಲ್ಲಿ ಆದರವಿಲ್ಲ, ಷಿಕಾಗೋದಲ್ಲಿ ಆದರವಿಲ್ಲ. ಊರಿಗೆ ಮರಳುವ ಯೋಚನೆಯಲ್ಲಿದ್ದಾಗ ಮಿನ್ನಿಯಾಪೊಲಿಸ್ ನಗರದ ಕೆಲವು ವೈದ್ಯರು, ಮಾತು ಬೇಡ, ನಮ್ಮ ರೋಗಿಗಳ ಮೇಲೆ ಮಾಡಿ ತೋರಿಸಿ ಎಂಬಂತೆ ವಾರ್ಡಿನ ಬಾಗಿಲು ತೆರೆದರು. ಅವರಿಗೆ ಬೇಕಾಗಿದ್ದುದು ಅಷ್ಟೇ. 1942ರ ಡಿಸೆಂಬರಿನಲ್ಲಿ ಅದೇ ನಗರದಲ್ಲಿ ಕೆನ್ನಿ ಇನ್‌ಸ್ಟಿಟ್ಯೂಟ್ ತೆರೆಯಿತು. 1946ರಲ್ಲಿ ಅವರ ಜೀವನ ಸಿನೆಮಾ ಆಯಿತು. ಐವತ್ತರ ದಶಕದ ಆರಂಭದ ಒಂದು ಜನಮತ ಸಂಗ್ರಹದಲ್ಲಿ, ತಾವು ಅತ್ಯಂತ ಮೆಚ್ಚುವ ಮಹಿಳೆ ಇವರೆಂದು ಅಮೇರಿಕನರು ರೂಸ್‌ವೆಲ್ಟರ ಪತ್ನಿಗಿಂತಲೂ ಮೇಲೆ ಇವರ ಹೆಸರನ್ನಿಟ್ಟರು.

ಎತ್ತರದ ಆಳು, ತಲೆಯ ಮೇಲೆ ದೊಡ್ಡ ಟೋಪಿ, ನಾಲಗೆ ಬಹಳ ಹರಿತ. ವಿರೋಧಿಸಿದ ವೈದ್ಯರನ್ನು ಸಭೆಯಲ್ಲೇ ಜರೆಯುತ್ತಿದ್ದರು, ಮಿತ್ರರೊಡನೆಯೂ ಜಗಳವಾಡುತ್ತಿದ್ದರು. ಪೋಲಿಯೋ ಮುಖ್ಯವಾಗಿ ಸ್ನಾಯುಗಳ ರೋಗವೆಂಬ ಅವರ ಸಿದ್ಧಾಂತ ತಪ್ಪು. ಅದನ್ನು ಅವರು ಕೊನೆಗೂ ಬಿಟ್ಟುಕೊಡಲಿಲ್ಲ. ನೂರಕ್ಕೆ ಇಷ್ಟು ಮಕ್ಕಳು ಗುಣವಾದರೆಂದು ಅವರು ಹೇಳುತ್ತಿದ್ದ ಲೆಕ್ಕಗಳನ್ನು 1944ರಲ್ಲಿ ಅಮೇರಿಕದ ವೈದ್ಯರ ಸಮಿತಿಯೊಂದು ಕಟುವಾಗಿ ಖಂಡಿಸಿತು, ಅದರಲ್ಲಿ ಸತ್ಯವೂ ಇತ್ತು. ತರ್ಕದಲ್ಲಿ ಸೋತು ಕೈಕೆಲಸದಲ್ಲಿ ಗೆದ್ದವರು ಎಂದು ನಾನು ಅವರನ್ನು ಕುರಿತು ಎಣಿಸುತ್ತೇನೆ. ಖಂಡಿಸಿದ ಆಸ್ಪತ್ರೆಗಳೇ ಸದ್ದಿಲ್ಲದೆ ಪ್ಲಾಸ್ಟರನ್ನು ಬಿಟ್ಟವು.

1951ರಲ್ಲಿ ಅವರು ಟೂವೂಂಬಕ್ಕೆ ಮರಳಿದರು. ಆಗ ಪಾರ್ಕಿನ್ಸನ್ ರೋಗ ಅವರನ್ನು ಹಿಡಿದಿತ್ತು. ಸಾವಿರಾರು ಮಕ್ಕಳ ಸ್ನಾಯುಗಳಿಗೆ ಪಾಠ ಹೇಳಿದ ಕೈ ತಾನೇ ನಡುಗುತ್ತಿತ್ತು. 1952ರ ನವೆಂಬರ್ 30ರಂದು ತೀರಿಕೊಂಡರು. ನಾಬಿಯಲ್ಲಿ ಅವರ ಸಮಾಧಿಯಿದೆ. ಸಾಲ್ಕ್ ಅವರ ಲಸಿಕೆ ಬಂದದ್ದು 1955ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ.

ನಮ್ಮ ದೇಶದಲ್ಲಿ 1947ರಲ್ಲಿ ಮುಂಬಯಿಯ ಫಾತಿಮಾ ಇಸ್ಮಾಯಿಲ್ ಎಂಬ ತಾಯಿ, ತನ್ನ ಮಗಳಿಗೆ ಪೋಲಿಯೋ ತಗಲಿದ ಬಳಿಕ, ಅಂಥ ಮಕ್ಕಳಿಗಾಗಿ ಸಂಸ್ಥೆಯೊಂದನ್ನು ಕಟ್ಟಿದರು. ಐವತ್ತರ ದಶಕದ ಆರಂಭದಲ್ಲಿ ಅದೇ ನಗರದ ಕೆ.ಇ.ಎಂ. ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಯ ಶಾಲೆ ಪ್ರಾರಂಭವಾಯಿತು. ಈ ವಿದ್ಯೆಯನ್ನು ಕಲಿಸುವ ಕಾಲೇಜುಗಳು ಮಂಗಳೂರಿನಲ್ಲಿವೆ, ಮೂಡುಬಿದಿರೆಯಲ್ಲಿಯೂ ಇದೆ. ಪೋಲಿಯೋ ಮಾತ್ರ ನಮ್ಮಲ್ಲಿ ಇಲ್ಲವಾಯಿತು: ಭಾರತದಲ್ಲಿ ಅದರ ಕೊನೆಯ ರೋಗಿ ಕಂಡುಬಂದದ್ದು 2011ರ ಜನವರಿಯಲ್ಲಿ, 2014ರ ಮಾರ್ಚಿನಲ್ಲಿ ದೇಶ ಅದರಿಂದ ಮುಕ್ತವೆಂದು ಘೋಷಣೆಯಾಯಿತು.

ನಮ್ಮ ಮಗುವಿಗೆ ಬಿಸಿ ಪಟ್ಟಿ ಸುತ್ತುವುದಿಲ್ಲ. ರೋಗ ಬೇರೆ, ಕ್ರಮವೂ ಬೇರೆ. ಅಕ್ಕ ಬೀಡಿಯ ಮೊರವನ್ನು ಪಕ್ಕಕ್ಕಿಟ್ಟು, ಹೊಗೆಸೊಪ್ಪಿನ ಕೈ ತೊಳೆದು, ದಿನಕ್ಕೆ ನಾಲ್ಕು ಸಲ ಅವನ ಕಾಲು ಬಿಡಿಸುತ್ತಾಳೆ. ಅಷ್ಟರಮಟ್ಟಿಗೆ ಬೀಡಿ ಕಡಿಮೆಯಾಗುತ್ತದೆ, ಕೂಲಿಯೂ ಕಡಿಮೆಯಾಗುತ್ತದೆ. ಅವನು ನಡೆಯುತ್ತಾನೆಯೇ ಎಂಬ ಪ್ರಶ್ನೆಗೆ ಮೂಡುಬಿದಿರೆಯ ಆ ಹೆಂಗಸು ಮಾತು ಕೊಡಲಿಲ್ಲ. ದೀಪಾವಳಿಯ ಹೊತ್ತಿಗೆ ಗೋಡೆಗೆ ಒರಗದೆ ಕುಳಿತ. ಮೊದಲ ದಿನ ಎಷ್ಟು ಹೊತ್ತು ಕುಳಿತನೆಂದು ನಾನು ಗಡಿಯಾರ ನೋಡಿ ಬರೆದಿಟ್ಟಿದ್ದೇನೆ: ಹನ್ನೊಂದು ಸೆಕೆಂಡು.

ಆ ವಾರವೇ ಬಂಟ್ವಾಳದ ಮಾವ ಮನೆಗೆ ಬಂದಿದ್ದರು. ಜಗಲಿಯಲ್ಲಿ ಕುಳಿತು ಮಗುವಿನ ಅಭ್ಯಾಸವನ್ನು ಬಹಳ ಹೊತ್ತು ನೋಡಿದರು. ನಾನು ಕೆನ್ನಿಯವರ ಕಥೆಯನ್ನೆಲ್ಲ ಹೇಳಿದೆ. ಕೇಳಿ ಮುಗಿದ ಮೇಲೆ, ಆಕೆ ನಮ್ಮ ಕಡೆಗೆ ಎಂದಾದರೂ ಬಂದಿದ್ದರೋ ಎಂದು ಕೇಳಿದರು. ಇಲ್ಲ ಮಾವ, ನೀವು ಹುಟ್ಟುವುದಕ್ಕೆ ಹನ್ನೆರಡು ವರ್ಷ ಮೊದಲೇ ತೀರಿಕೊಂಡಿದ್ದರು ಎಂದೆ. ಅವರು ಏನೂ ಹೇಳದೆ ಮೊಣಕಾಲಿನ ಮೇಲೆ ಕೈಯೂರಿ ಎದ್ದು, ಒಳಗೆ ಹೋಗಿ, ಮಗುವಿನ ಇನ್ನೊಂದು ಕಾಲನ್ನು ಹೇಗೆ ಹಿಡಿಯಬೇಕೆಂದು ಅಕ್ಕನನ್ನು ಕೇಳಿದರು.