ಎರಡು ಪಕ್ಷಗಳ ನಡುವೆ ನಡೆದ ಸಂತ ಜೋಸೆಫ್ ವಾಜ್



ಕೊಕ್ಕರ್ಣೆಯ ಕಡೆ ಒಮ್ಮೆ ಮನೆಗಳ ಆಶೀರ್ವಾದಕ್ಕೆ ಹೋಗಿದ್ದೆ. ಅಣ್ಣನ ಮನೆಯಲ್ಲಿ ಪ್ರಾರ್ಥನೆ ಮುಗಿಸಿ ತಮ್ಮನ ಮನೆಗೆ ಹೊರಟಾಗ, ಅಂಗಳದ ನಡುವೆ ಕೆಂಪುಕಲ್ಲಿನ ಗೋಡೆ ಎದ್ದಿರುವುದನ್ನು ಕಂಡೆ. ಒಂದೇ ಬಾವಿಯ ನೀರು ಕುಡಿದು ಬೆಳೆದವರು ಅವರು. ಭಾನುವಾರ ಇಬ್ಬರೂ ಬಲಿಪೂಜೆಗೆ ಬರುತ್ತಾರೆ, ಇಬ್ಬರೂ ಪರಮಪ್ರಸಾದ ಸ್ವೀಕರಿಸುತ್ತಾರೆ. ಆದರೆ ಮಾತು ನಿಂತು ವರ್ಷಗಳೇ ಕಳೆದಿವೆ. ಹಿಂದಿರುಗುವ ದಾರಿಯಲ್ಲಿ ನನಗೆ ನೆನಪಾದದ್ದು, ಮುನ್ನೂರು ವರ್ಷಗಳಿಗೂ ಹಿಂದೆ ನಮ್ಮ ಈ ಊರುಗಳಲ್ಲಿ ಬರಿಗಾಲಿನಲ್ಲಿ ನಡೆದಾಡಿದ ಒಬ್ಬ ಗುರು.

ಸಂತ ಜೋಸೆಫ್ ವಾಜ್ 1651ರ ಏಪ್ರಿಲ್ 21ರಂದು ಗೋವಾದ ಬೆನಾವ್ಲಿಯಲ್ಲಿ, ತಾಯಿಯ ತವರಿನಲ್ಲಿ ಹುಟ್ಟಿದರು. ತಂದೆಯ ಊರು ಸಾಂಕ್ವಾಳ. 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ ಆಗಸ್ಟ್ 5ರಂದು ಸಾಂಕ್ವಾಳದ ದೇವಾಲಯದಲ್ಲಿ ತಮ್ಮನ್ನು ಮಾತೆ ಮರಿಯಳ ದಾಸನೆಂದು ಒಪ್ಪಿಸಿಕೊಂಡು ಪತ್ರ ಬರೆದು ಸಹಿ ಹಾಕಿದರು. ತಾನು ಯಾರವನು ಎಂಬ ಪ್ರಶ್ನೆಯನ್ನು ಅವರು ಅಂದೇ ದೇವರ ಮುಂದೆ ಇತ್ಯರ್ಥ ಮಾಡಿಕೊಂಡರು. ಮುಂದೆ ಮನುಷ್ಯರು ಅವರನ್ನು ತಮ್ಮ ತಮ್ಮ ಪಕ್ಷಕ್ಕೆ ಎಳೆಯಲು ನೋಡಿದಾಗ ಅವರನ್ನು ಕಾಪಾಡಿದ್ದು ಈ ನಿರ್ಧಾರವೇ.

1681ರಲ್ಲಿ ಗೋವಾದಿಂದ ಅವರನ್ನು ಕೆನರಾ ಪ್ರಾಂತ್ಯದ ಮುಖ್ಯಗುರುವಾಗಿ ಕಳುಹಿಸಲಾಯಿತು. ಆಗ ಈ ಸೀಮೆಯನ್ನು ಆಳುತ್ತಿದ್ದವಳು ಕೆಳದಿಯ ರಾಣಿ ಚೆನ್ನಮ್ಮಾಜಿ. ಕ್ರೈಸ್ತರು ಕರಾವಳಿಯುದ್ದಕ್ಕೂ ಚದುರಿ ಹೋಗಿದ್ದರು, ಗುರುಗಳು ಬೆರಳೆಣಿಕೆಯಷ್ಟು ಮಂದಿ ಮಾತ್ರ. ಅದಕ್ಕಿಂತ ದೊಡ್ಡ ನೋವೆಂದರೆ ಇದ್ದ ಕ್ರೈಸ್ತರೂ ಒಂದಾಗಿರಲಿಲ್ಲ. ಪೋರ್ತುಗೀಸ್ ರಾಜನ ಹಕ್ಕಾದ ಪದ್ರುವಾದೊ ಅಡಿಯಲ್ಲಿ ಕೆನರಾ ತನಗೆ ಸೇರಿದ್ದು ಎಂದು ಗೋವಾದ ಧರ್ಮಪ್ರಾಂತ್ಯ ಹೇಳುತ್ತಿತ್ತು. ರೋಮಿನ ಪ್ರೊಪಗಾಂದಾ ಸಂಸ್ಥೆಯ ಕಡೆಯಿಂದ ನೇಮಕಗೊಂಡ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಮಂಗಳೂರಿನಲ್ಲಿದ್ದರು. ಅವರೂ ಗೋವಾದವರೇ. 1680ರಲ್ಲಿ ಮಂಗಳೂರಿನ ಮಿಲಾಗ್ರಿಸ್ ದೇವಾಲಯವನ್ನು ಕಟ್ಟಿಸಿದವರೂ ಅವರೇ. ಯಾರ ಮಾತು ಕೇಳಬೇಕು, ಯಾರ ಬಳಿ ಪಾಪನಿವೇದನೆ ಮಾಡಿದರೆ, ಯಾರ ಮುಂದೆ ಮದುವೆಯಾದರೆ ಸಿಂಧು ಎಂದು ತಿಳಿಯದೆ ಬಡ ಭಕ್ತರು ಗೊಂದಲಕ್ಕೆ ಸಿಕ್ಕಿದ್ದರು.

ಜೋಸೆಫ್ ವಾಜ್ ಗೋವಾದ ಆಜ್ಞೆ ಹೊತ್ತು ಬಂದವರು. ತಮ್ಮ ಪಕ್ಷವನ್ನು ಗೆಲ್ಲಿಸಲು ಹೊರಟಿದ್ದರೆ ಅವರನ್ನು ತಡೆಯುವವರು ಯಾರೂ ಇರಲಿಲ್ಲ. ಅವರು ಹಿಡಿದದ್ದು ಬೇರೆ ದಾರಿ. ಎದುರು ಪಕ್ಷದವರೆಂದು ಎಣಿಸಲ್ಪಟ್ಟ ಆ ಧರ್ಮಾಧ್ಯಕ್ಷರನ್ನು ಸಂಧಾನಕ್ಕೆ ಒಲಿಸಿದರು. ರೋಮಿನ ತೀರ್ಮಾನ ಬರುವ ತನಕ ತಾವು ಅವರಿಂದಲೂ ಅಧಿಕಾರ ಪಡೆದು ಸೇವೆ ಮಾಡುವ ಒಪ್ಪಂದಕ್ಕೆ ಬಂದರು. ಗುರುಗಳಿಗೆ ಇದು ತಲೆ ತಗ್ಗಿಸಿದಂತೆ ಕಂಡಿರಬಹುದು. ಭಕ್ತರಿಗೆ ಮಾತ್ರ ಸಂಸ್ಕಾರಗಳ ಬಾಗಿಲು ತೆರೆಯಿತು.

ಆ ಬಾಗಿಲಿನಿಂದ ಅವರು ಊರೂರಿಗೆ ನಡೆದರು. ಮಂಗಳೂರು, ಮೂಲ್ಕಿ, ಕಲ್ಯಾಣಪುರ, ಬಾರ್ಕೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿ ಇವೆಲ್ಲ ಅವರ ಸೇವೆಯ ಊರುಗಳು. ಸ್ವರ್ಣಾ, ಸೀತಾ, ವಾರಾಹಿ ನದಿಗಳಿಗೆ ಇಂದಿನಂತೆ ಸೇತುವೆಗಳಿರದ ಕಾಲ ಅದು. ಮಕ್ಕಳಿಗೆ ಪಾಠ ಹೇಳುವ ಸಣ್ಣ ಶಾಲೆಗಳನ್ನೂ, ಭಕ್ತರು ಕೂಡಿ ಪ್ರಾರ್ಥಿಸುವ ಸಂಘಗಳನ್ನೂ ಅವರು ಆರಂಭಿಸಿದರು. ಗುರುವಿಲ್ಲದ ದಿನವೂ ಜನರು ಒಟ್ಟಿಗೆ ಇರಬೇಕೆಂಬುದು ಅವರ ಆಸೆ. 1684ರಲ್ಲಿ ಅವರು ಗೋವಾಕ್ಕೆ ಮರಳಿದರು. ಧರ್ಮಾಧ್ಯಕ್ಷ ದೆ ಕಾಸ್ತ್ರೊ ಅದೇ ವರ್ಷ ತೀರಿಕೊಂಡರು.

ಗುರುವಿಲ್ಲದೆ ಒಟ್ಟಿಗಿರುವ ಜನರನ್ನು ಅವರು ಮುಂದೆ ಸಿಲೋನಿನಲ್ಲಿ ಕಣ್ಣಾರೆ ಕಂಡರು. ಅಲ್ಲಿ ಡಚ್ಚರು ಕಥೋಲಿಕ ಗುರುಗಳನ್ನು ಹೊರಗಟ್ಟಿ ಸುಮಾರು ಮೂವತ್ತು ವರ್ಷಗಳಾಗಿದ್ದವು. ಗೋವಾದಲ್ಲಿ ಒರಟೋರಿಯನ್ ಸಭೆಗೆ ಸೇರಿದ್ದ ವಾಜ್ 1686ರಲ್ಲಿ ಹೊರಟು, 1687ರಲ್ಲಿ ಕೂಲಿಯಾಳಿನ ವೇಷದಲ್ಲಿ ಜಾಫ್ನಾ ಸೇರಿದರು. ಕೊರಳಲ್ಲಿ ಜಪಸರ ಧರಿಸಿ ಮನೆಮನೆಗೆ ಭಿಕ್ಷೆಗೆ ಹೋದರು. ಜಪಸರವನ್ನು ಕಂಡು ಯಾರ ಮುಖ ಅರಳುತ್ತದೋ ಆ ಮನೆಯವರು ತಮ್ಮವರೆಂದು ತಿಳಿದುಕೊಳ್ಳುತ್ತಿದ್ದರು. ಮನೆಯ ಹಿರಿಯರು ಮಕ್ಕಳಿಗೆ ಗುಟ್ಟಾಗಿ ಕಲಿಸಿದ ಪ್ರಾರ್ಥನೆ ಅಷ್ಟು ವರ್ಷ ವಿಶ್ವಾಸವನ್ನು ಉಳಿಸಿತ್ತು.

1692ರಲ್ಲಿ ಕ್ಯಾಂಡಿಗೆ ಹೋದಾಗ ಗೂಢಚಾರನೆಂಬ ಆರೋಪದ ಮೇಲೆ ಅವರನ್ನು ಸೆರೆಯಲ್ಲಿಟ್ಟರು. ಸೆರೆಯಲ್ಲೇ ಅವರು ಸಿಂಹಳ ಭಾಷೆ ಕಲಿತರು. ಮುಂದೆ ಬೌದ್ಧ ರಾಜ ಎರಡನೆಯ ವಿಮಲಧರ್ಮಸೂರ್ಯ ಅವರನ್ನು ನಂಬಿ ಸ್ವಾತಂತ್ರ್ಯ ಕೊಟ್ಟನು. 1697ರಲ್ಲಿ ಸಿಡುಬು ಹರಡಿದಾಗ, ರೋಗಿಗಳನ್ನು ಮನೆಯವರೇ ಬಿಟ್ಟು ಓಡಿದರು. ವಾಜ್ ಅವರ ಬಳಿ ಕುಳಿತು ಆರೈಕೆ ಮಾಡಿದರು, ಸತ್ತವರನ್ನು ಹೂಳಿದರು. ರೋಗಿ ಯಾವ ಧರ್ಮದವನೆಂದು ಕೇಳಲಿಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಅವರು ದೇವರಡಿ ಸೇರಿದರು. 1995ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್ ಅವರು ಕೊಲಂಬೊದಲ್ಲಿ ಇವರನ್ನು ಪುನೀತರ ಸಾಲಿಗೆ ಸೇರಿಸಿದರು. 2015ರ ಜನವರಿ 14ರಂದು ಅದೇ ನಗರದಲ್ಲಿ ಜಗದ್ಗುರು ಫ್ರಾನ್ಸಿಸರು ಇವರನ್ನು ಸಂತರೆಂದು ಘೋಷಿಸಿದರು.

ಇನ್ನೊಂದು ಸತ್ಯವನ್ನೂ ಮುಚ್ಚಿಡಬಾರದು. ವಾಜ್ ಕೆನರಾದಲ್ಲಿ ತಂದ ಸಮಾಧಾನ ಬಹುಕಾಲ ಬಾಳಲಿಲ್ಲ. ಇನ್ನೂರು ವರ್ಷಗಳ ಬಳಿಕ ಅದೇ ಪದ್ರುವಾದೊ ವಿವಾದ ಮರುಕಳಿಸಿತು. 1886ರ ಒಪ್ಪಂದದ ನಂತರ ಬ್ರಹ್ಮಾವರದ ಸುತ್ತಲಿನ ಹಲವು ಕುಟುಂಬಗಳು ಬೇರೆಯಾಗಿ, 1889ರಲ್ಲಿ ಕೊಟ್ಟಾಯಂನಲ್ಲಿ ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾದ ಆಲ್ವಾರಿಸ್ ಮಾರ್ ಜೂಲಿಯಸರ ನೇತೃತ್ವದಲ್ಲಿ ಸಿರಿಯನ್ ಆರ್ಥೊಡಾಕ್ಸ್ ಸಭೆ ಸೇರಿದವು. ಅವರು ಇಂದಿಗೂ ನಮ್ಮ ನೆರೆಯವರು, ಎಷ್ಟೋ ಮಂದಿಗೆ ನಂಟರು. ನಾವು ಆಡುವ ಕೊಂಕಣಿಯನ್ನೇ ಆಡುವವರು, ಅದೇ ಕ್ರಿಸ್ತನಿಗೆ ಮೊಣಕಾಲೂರುವವರು. ಒಂದು ತಲೆಮಾರಿನ ಜಗಳಕ್ಕೆ ಮುಂದಿನ ತಲೆಮಾರುಗಳೂ ಬೆಲೆ ತೆರುತ್ತವೆ ಎಂಬುದಕ್ಕೆ ನಾವು ದೂರದ ಉದಾಹರಣೆ ಹುಡುಕಬೇಕಾಗಿಲ್ಲ.

ಹಾಗಾದರೆ ವಾಜ್ ಅವರ ಶ್ರಮ ವ್ಯರ್ಥವಾಯಿತೇ? ಹಾಗೆ ಹೇಳಲಾರೆ. ಆ ಮೂರು ವರ್ಷಗಳಲ್ಲಿ ಬಸ್ರೂರಿನಲ್ಲೋ ಗಂಗೊಳ್ಳಿಯಲ್ಲೋ ನೆಮ್ಮದಿಯಿಂದ ಪಾಪನಿವೇದನೆ ಮಾಡಿ ಕಣ್ಣುಮುಚ್ಚಿದ ಒಬ್ಬ ಮುದುಕಿಗೆ ಆ ಸಮಾಧಾನ ಸಾಕಾಗಿತ್ತು. ಐಕ್ಯತೆ ಒಮ್ಮೆ ಕಟ್ಟಿ ಮುಗಿಸುವ ಕಟ್ಟಡವಲ್ಲ. ಗದ್ದೆಯ ಹುಣಿಯಂತೆ ಪ್ರತಿ ಮಳೆಗಾಲದ ನಂತರವೂ ಅದಕ್ಕೆ ಮಣ್ಣು ಹಾಕಬೇಕು. ಪರಮಪ್ರಸಾದದಲ್ಲಿ ನಾವು ದೇವರೊಡನೆ ಒಂದಾಗುತ್ತೇವೆ. ಅದೇ ರೊಟ್ಟಿಯಲ್ಲಿ ಪಕ್ಕದವನೊಡನೆಯೂ ಒಂದಾಗುತ್ತೇವೆ. ಒಂದನ್ನು ಸ್ವೀಕರಿಸಿ ಇನ್ನೊಂದನ್ನು ತಳ್ಳುವುದು ಹೇಗೆ?

ಬರುವ ಜನವರಿ 16 ಸಂತ ಜೋಸೆಫ್ ವಾಜರ ಹಬ್ಬ. ಅಂದು ಮನೆಯಲ್ಲಿ ಜಪಸರ ಪ್ರಾರ್ಥನೆ ಮಾಡುವಾಗ, ಮಾತು ಬಿಟ್ಟವರ ಹೆಸರೊಂದನ್ನು ಸೇರಿಸಿಕೊಳ್ಳೋಣ. ಮರುದಿನ ಗೋಡೆ ಸುತ್ತಿಕೊಂಡು ಅವರ ಅಂಗಳಕ್ಕೆ ಹೋಗೋಣ. ಎದುರು ಪಕ್ಷದವರ ಬಾಗಿಲಿಗೆ ಮೊದಲು ಹೋದವರು ಸಂತ ಜೋಸೆಫ್ ವಾಜ್. ಆ ದಾರಿಯಲ್ಲಿ ನಾವು ಒಂಟಿಯಾಗಿರುವುದಿಲ್ಲ.