ವೇಗದ ಬಲವನ್ನು ಅಳೆದ ವಿದುಷಿ

ಗಂಟೆಗೆ 30 ಕಿಲೋಮೀಟರು ವೇಗದಲ್ಲಿ ಓಡುವ ಕಾರು ಬ್ರೇಕು ಒತ್ತಿದ ಮೇಲೆ 6 ಮೀಟರು ಸಾಗಿ ನಿಲ್ಲುವುದೆಂದು ಭಾವಿಸೋಣ. ಅದೇ ಕಾರು ಅದೇ ರಸ್ತೆಯಲ್ಲಿ 60 ಕಿಲೋಮೀಟರು ವೇಗದಿಂದ ಬಂದರೆ ನಿಲ್ಲಲು 12 ಮೀಟರು ಸಾಲದು. 24 ಮೀಟರು ಬೇಕು. ವೇಗ ಇಮ್ಮಡಿಯಾದರೆ ದೂರ ನಾಲ್ಮಡಿಯಾಗುವುದೇಕೆ? ಮೋಟಾರು ವಾಹನಗಳು ಹುಟ್ಟುವುದಕ್ಕೆ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಇದರ ಮೂಲತತ್ತ್ವವನ್ನು ಎತ್ತಿಹಿಡಿದು ವಾದಿಸಿದ ವಿದುಷಿ ಎಮಿಲಿ ದು ಶಾತ್ಲೆ.

ಎಮಿಲಿ 1706ರ ಡಿಸೆಂಬರ್ 17ರಂದು ಪ್ಯಾರಿಸ್ ನಗರದ ಸಿರಿವಂತ ಮನೆತನದಲ್ಲಿ ಜನಿಸಿದಳು. ಅಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾನಿಲಯದ ಬಾಗಿಲು ಮುಚ್ಚಿದ್ದ ಕಾಲವದು. 1725ರಲ್ಲಿ ವಿವಾಹವಾಗಿ, ಮಕ್ಕಳ ತಾಯಿಯಾದ ಬಳಿಕವೂ ಆಕೆಯ ಜ್ಞಾನದಾಹ ಹಿಂಗಲಿಲ್ಲ. ಪ್ರಸಿದ್ಧ ಗಣಿತಜ್ಞರಿಂದ ಪಾಠ ಹೇಳಿಸಿಕೊಂಡಳು. ಸಿರೆ ಎಂಬ ಹಳ್ಳಿಯಲ್ಲಿದ್ದ ಗಂಡನ ಮನೆತನದ ಸೌಧದಲ್ಲಿ, ಮಿತ್ರನಾದ ವಾಲ್ಟೇರನೊಡನೆ ಗ್ರಂಥಗಳನ್ನೂ ಉಪಕರಣಗಳನ್ನೂ ಕೂಡಿಸಿ ಅಧ್ಯಯನಕ್ಕೆ ತೊಡಗಿದಳು.

ಚಲಿಸುವ ವಸ್ತುವಿನ ಬಲವನ್ನು ಅಳೆಯುವುದು ಹೇಗೆಂಬುದು ಅಂದಿನ ವಿದ್ವಾಂಸರ ದೊಡ್ಡ ವಿವಾದ. ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಸಾಕೆಂದು ಹಲವರ ವಾದ; ವೇಗದ ವರ್ಗದಿಂದ ಗುಣಿಸಬೇಕೆಂದು ಜರ್ಮನಿಯ ಲೈಬ್ನಿಟ್ಸನ ಮತ. ಹಾಲೆಂಡಿನ ಸ್‌ಗ್ರಾವೆಸಾಂಡೆ ಎಂಬ ವಿಜ್ಞಾನಿ ಹಿತ್ತಾಳೆಯ ಗುಂಡುಗಳನ್ನು ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿ ಪರೀಕ್ಷಿಸಿದ್ದನು. ಗುಂಡಿನ ವೇಗ ಇಮ್ಮಡಿಯಾದಾಗ ಮಣ್ಣಿನಲ್ಲಿ ಬಿದ್ದ ಕುಳಿ ನಾಲ್ಮಡಿಯಾಗಿತ್ತು. ಇಂತಹ ಸಾಕ್ಷ್ಯಗಳನ್ನು ತೂಗಿ ನೋಡಿದ ಎಮಿಲಿ, 1740ರಲ್ಲಿ ಪ್ರಕಟಿಸಿದ ಭೌತಶಾಸ್ತ್ರದ ಗ್ರಂಥದಲ್ಲಿ ಲೈಬ್ನಿಟ್ಸನ ಪಕ್ಷವನ್ನು ವಹಿಸಿದಳು. ಮರುವರ್ಷ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಕಾರ್ಯದರ್ಶಿಯೇ ಆಕೆಯನ್ನು ಖಂಡಿಸಿ ಬರೆದನು. ಮಹಿಳೆಯರಿಗೆ ಸದಸ್ಯತ್ವವಿಲ್ಲದಿದ್ದ ಆ ಸಂಸ್ಥೆಯ ಹಿರಿಯನಿಗೆ ಎಮಿಲಿ ಅಳುಕದೆ ಅಚ್ಚಿನಲ್ಲಿಯೇ ಉತ್ತರ ಕೊಟ್ಟಳು.

ನ್ಯೂಟನ್ನನಲ್ಲಿ ಆಕೆಗೆ ಅಪಾರ ಗೌರವವಿತ್ತು. ಲ್ಯಾಟಿನ್ ಭಾಷೆಯಲ್ಲಿದ್ದ ಅವನ 'ಪ್ರಿನ್ಸಿಪಿಯಾ' ಗ್ರಂಥವನ್ನು ಫ್ರೆಂಚಿಗೆ ಅನುವಾದಿಸಿ ವ್ಯಾಖ್ಯಾನ ರಚಿಸತೊಡಗಿದಳು. ನಲವತ್ತೆರಡರ ವಯಸ್ಸಿನಲ್ಲಿ ಗರ್ಭಿಣಿಯಾದಾಗ, ಹೆರಿಗೆಯಲ್ಲಿ ಬದುಕುಳಿಯುವ ಭರವಸೆ ಆಕೆಗಿರಲಿಲ್ಲ. ಹಗಲಿರುಳೂ ದುಡಿದು, ಹಸ್ತಪ್ರತಿಯನ್ನು ರಾಜಗ್ರಂಥಾಲಯಕ್ಕೆ ಒಪ್ಪಿಸಿದಳು. ಹೆಣ್ಣುಮಗುವನ್ನು ಹೆತ್ತ ಕೆಲವೇ ದಿನಗಳಲ್ಲಿ, 1749ರ ಸೆಪ್ಟೆಂಬರ್ 10ರಂದು, ಇಹಲೋಕವನ್ನು ತ್ಯಜಿಸಿದಳು. ಪೂರ್ಣ ಅನುವಾದ 1759ರಲ್ಲಿ ಬೆಳಕು ಕಂಡಿತು.

ಅಂದಿನ ಎರಡು ಲೆಕ್ಕಗಳೂ ನಿಜವೆಂದು ಇಂದು ನಾವು ಬಲ್ಲೆವು. ಒಂದೇ ಸಮನಾಗಿ ಬ್ರೇಕು ಒತ್ತಿದರೆ, ಕಾರು ನಿಲ್ಲಲು ಹಿಡಿಯುವ ಕಾಲ ವೇಗದಂತೆ ಬೆಳೆಯುತ್ತದೆ. ಸಾಗುವ ದೂರ ವೇಗದ ವರ್ಗದಂತೆ ಬೆಳೆಯುತ್ತದೆ. ಬ್ರೇಕು ಘರ್ಷಣೆಯಿಂದ ಶಾಖವಾಗಿ ಕಳೆಯಬೇಕಾದ ಚಲನಶಕ್ತಿಯೇ ನಾಲ್ಮಡಿಯಾಗಿರುತ್ತದೆ. ರಸ್ತೆ ದಾಟುವ ಮಗುವಿನ ಪ್ರಾಣ ಉಳಿಯುವುದು ಆ ದೂರದ ಮೇಲೆ. ಎಮಿಲಿ ಹೋರಾಡಿದ್ದು ಆ ಲೆಕ್ಕಕ್ಕಾಗಿ.