ಆಕ್ಟೇವಿಯಾ ಹಿಲ್

ಆಕ್ಟೇವಿಯಾ ಹಿಲ್ (3 ಡಿಸೆಂಬರ್ 1838 – 13 ಆಗಸ್ಟ್ 1912) ಇಂಗ್ಲೆಂಡಿನ ಸಮಾಜ ಸುಧಾರಕಿ. ಲಂಡನ್ನಿನ ಬಡವರ ಬಾಡಿಗೆ ಮನೆಗಳ ನಿರ್ವಹಣೆಯನ್ನು ಒಂದು ಶಿಸ್ತಿನ ವೃತ್ತಿಯನ್ನಾಗಿ ರೂಪಿಸಿದವರು ಹಾಗೂ ನ್ಯಾಷನಲ್ ಟ್ರಸ್ಟ್ ಎಂಬ ಭೂಸಂರಕ್ಷಣಾ ಸಂಸ್ಥೆಯ ಮೂವರು ಸ್ಥಾಪಕರಲ್ಲಿ ಒಬ್ಬರು.

ಆರಂಭಿಕ ಜೀವನ

ಹಿಲ್ ಅವರು ಕೇಂಬ್ರಿಡ್ಜ್‌ಶೈರಿನ ವಿಸ್ಬೀಚ್ ಪಟ್ಟಣದಲ್ಲಿ ಜನಿಸಿದರು. ಧಾನ್ಯದ ವ್ಯಾಪಾರಿಯಾಗಿದ್ದ ತಂದೆ ಜೇಮ್ಸ್ ಹಿಲ್ 1840ರಲ್ಲಿ ದಿವಾಳಿಯಾದರು. ಕುಟುಂಬಕ್ಕೆ ಆಸರೆಯಾದವರು ತಾಯಿಯ ತಂದೆ, ನೈರ್ಮಲ್ಯ ಸುಧಾರಣೆಗಾಗಿ ಹೋರಾಡಿದ ವೈದ್ಯ ಥಾಮಸ್ ಸೌತ್‌ವುಡ್ ಸ್ಮಿತ್. ಶಾಲೆಯ ಮುಖ ಕಾಣದ ಆಕ್ಟೇವಿಯಾ, ಹದಿನಾಲ್ಕನೆಯ ವಯಸ್ಸಿಗೇ ಬಡ ಮಕ್ಕಳು ಆಟಿಕೆ ತಯಾರಿಸುತ್ತಿದ್ದ ಕಾರ್ಯಾಗಾರವೊಂದರ ಹೊಣೆ ಹೊತ್ತರು. ಆ ಮಕ್ಕಳು ವಾಸಿಸುತ್ತಿದ್ದ ಮನೆಗಳ ದುಃಸ್ಥಿತಿ ಅವರಿಗೆ ತಿಳಿದದ್ದು ಆಗಲೇ.

ಬಾಡಿಗೆ ಮನೆಗಳ ನಿರ್ವಹಣೆ

1865ರಲ್ಲಿ ಕಲಾವಿಮರ್ಶಕ ಜಾನ್ ರಸ್ಕಿನ್ ಲಂಡನ್ನಿನ ಮ್ಯಾರಿಲಿಬೋನ್ ಪ್ರದೇಶದ ಪ್ಯಾರಡೈಸ್ ಪ್ಲೇಸ್ ಎಂಬಲ್ಲಿ ಮೂರು ಮನೆಗಳನ್ನು ಪಡೆದು ಹಿಲ್ ಅವರಿಗೆ ಒಪ್ಪಿಸಿದರು. ಹೆಸರು ಸ್ವರ್ಗವಾದರೂ ಅದು ಕೊಳಕು ವಠಾರವಾಗಿತ್ತು. ಹಿಲ್ ಅವರ ಲೆಕ್ಕ ಸರಳವಾದುದು. ಹಣ ಹೂಡಿದ ಒಡೆಯನಿಗೆ ವರ್ಷಕ್ಕೆ ಶೇ. 5ರಷ್ಟು ಪ್ರತಿಫಲ ಸಲ್ಲಬೇಕು. ಅದಕ್ಕಿಂತ ಮಿಕ್ಕಿದ್ದು ದುರಸ್ತಿಗೂ ಬಾಡಿಗೆದಾರರು ಬಯಸಿದ ಸುಧಾರಣೆಗೂ ವಿನಿಯೋಗವಾಗಬೇಕು. ಪ್ರತಿ ವಾರ ಬಾಡಿಗೆ ವಸೂಲಿಗೆ ಹೋಗುತ್ತಿದ್ದವರು ತರಬೇತಿ ಪಡೆದ ಮಹಿಳೆಯರು. ಸೋರುವ ಮಾಡು, ಕಟ್ಟಿದ ಚರಂಡಿ, ಮನೆಯವರ ಕಷ್ಟಸುಖ ಎಲ್ಲವೂ ಅವರ ಕಣ್ಣಿಗೆ ಬೀಳುತ್ತಿದ್ದವು. ಆದರೆ ಇದನ್ನು ದಾನಧರ್ಮವೆಂದು ತಿಳಿಯಬಾರದು. ಬಾಡಿಗೆ ಬಾಕಿ ಉಳಿಸಿಕೊಂಡವರನ್ನು ತೆರವುಗೊಳಿಸಲು ಹಿಲ್ ಹಿಂಜರಿಯುತ್ತಿರಲಿಲ್ಲ. 1870ರ ದಶಕದ ಮಧ್ಯಭಾಗದ ವೇಳೆಗೆ ಸುಮಾರು 3,000 ಬಾಡಿಗೆದಾರರು ಅವರ ಮೇಲ್ವಿಚಾರಣೆಯಲ್ಲಿದ್ದರು. 1884ರಿಂದ ಇಂಗ್ಲೆಂಡಿನ ಚರ್ಚಿನ ಆಸ್ತಿ ನೋಡಿಕೊಳ್ಳುವ ಮಂಡಳಿಯೂ ಸದರ್ಕ್ ಪ್ರದೇಶದ ತನ್ನ ಮನೆಗಳನ್ನು ಅವರಿಗೆ ವಹಿಸಿತು.

ಬಯಲುಗಳ ರಕ್ಷಣೆ

ಒಂದೇ ಕೋಣೆಯಲ್ಲಿ ಇಡೀ ಸಂಸಾರ ಸಾಗಿಸುವವರಿಗೆ ಮನೆಯಷ್ಟೇ ಬಯಲೂ ಅಗತ್ಯವೆಂಬುದು ಹಿಲ್ ಅವರ ನಿಲುವಾಗಿತ್ತು. 1875ರಲ್ಲಿ ಲಂಡನ್ನಿನ ಸ್ವಿಸ್ ಕಾಟೇಜ್ ಹೊಲಗಳನ್ನು ಕೊಳ್ಳಲು ಅವರು ಚಂದಾ ಎತ್ತಿದರು. ಹಣ ಕೂಡಿಬರುತ್ತಿದ್ದಂತೆಯೇ ಭೂಮಾಲೀಕರು ಮಾರಾಟದಿಂದ ಹಿಂದೆ ಸರಿದರು; ಅಲ್ಲಿ ಮನೆಗಳು ಎದ್ದವು. ಈ ಸೋಲಿನಿಂದ ಅವರು ಧೃತಿಗೆಡಲಿಲ್ಲ. ನಮ್ಮ ಗೋಮಾಳಗಳನ್ನು ಹೋಲುವ ಸಾರ್ವಜನಿಕ ಬಯಲುಗಳ ಉಳಿವಿಗಾಗಿ ದುಡಿಯುತ್ತಿದ್ದ ಸಂಘವೊಂದನ್ನು ಸೇರಿದರು. ಅದರ ವಕೀಲ ರಾಬರ್ಟ್ ಹಂಟರ್ ಅವರ ಒಡನಾಡಿಯಾದರು. 1887ರಲ್ಲಿ ಸದರ್ಕಿನಲ್ಲಿ ರೆಡ್‌ಕ್ರಾಸ್ ಉದ್ಯಾನ ತೆರೆಯಿತು.

ನ್ಯಾಷನಲ್ ಟ್ರಸ್ಟ್

ಟ್ರಸ್ಟಿನ ಕಲ್ಪನೆ ಹುಟ್ಟಿದ್ದು ಒಂದು ಕಾನೂನಿನ ತೊಡಕಿನಿಂದ. 1880ರ ದಶಕದಲ್ಲಿ ಜಾನ್ ಇವ್ಲಿನ್ ವಂಶಸ್ಥರೊಬ್ಬರು ಡೆಪ್ಟ್‌ಫರ್ಡಿನ ಸೇಯ್ಸ್ ಕೋರ್ಟ್ ಎಂಬ ಹಳೆಯ ತೋಟವನ್ನು ಸಾರ್ವಜನಿಕರಿಗೆ ಕೊಡಲು ಮುಂದಾದರು. ಕೊಡುವವರಿದ್ದರೂ ಅದನ್ನು ಪಡೆದು ಶಾಶ್ವತವಾಗಿ ಕಾಯಬಲ್ಲ ಸಂಸ್ಥೆ ಇರಲಿಲ್ಲ. ಜನರ ಪರವಾಗಿ ಭೂಮಿಯನ್ನು ಹೊಂದುವ ಕಂಪನಿಯೊಂದನ್ನು ಸ್ಥಾಪಿಸಬೇಕೆಂದು ಹಂಟರ್ ಸೂಚಿಸಿದರು. ಸುಮಾರು ಹತ್ತು ವರ್ಷ ಅದು ಸೂಚನೆಯಾಗಿಯೇ ಉಳಿಯಿತು. ಸರೋವರ ಪ್ರಾಂತ್ಯದ ಪಾದ್ರಿ ಹಾರ್ಡ್‌ವಿಕ್ ರಾನ್ಸ್ಲಿ ಜೊತೆಗೂಡಿದ ಮೇಲೆ 1895ರ ಜನವರಿ 12ರಂದು ನ್ಯಾಷನಲ್ ಟ್ರಸ್ಟ್ ನೋಂದಣಿಯಾಯಿತು.

ಅದೇ ವರ್ಷ ಫ್ಯಾನಿ ಟಾಲ್ಬಟ್ ಎಂಬುವರು ವೇಲ್ಸಿನ ಬಾರ್ಮತ್ ಬಳಿಯ ದಿನಾಸ್ ಓಲೈ ಗುಡ್ಡದ ಸುಮಾರು ಐದು ಎಕರೆಯನ್ನು ಟ್ರಸ್ಟಿಗೆ ದಾನವಿತ್ತರು. 1896ರಲ್ಲಿ ಆಲ್ಫ್ರಿಸ್ಟನ್ನಿನ ಪುರಾತನ ಪಾದ್ರಿ ನಿವಾಸವನ್ನು ಕೇವಲ 10 ಪೌಂಡಿಗೆ ಕೊಳ್ಳಲಾಯಿತು. ದುರಸ್ತಿಯ ವೆಚ್ಚ ಅದಕ್ಕಿಂತ ಬಹಳ ಹೆಚ್ಚು. 1902ರಲ್ಲಿ ಚಂದಾ ಹಣದಿಂದ ಡರ್ವೆಂಟ್ ಸರೋವರದ ದಡದ ಬ್ರ್ಯಾಂಡೆಲ್‌ಹೌ ಭೂಮಿ ಟ್ರಸ್ಟಿನದಾಯಿತು. 1907ರ ಕಾಯಿದೆಯು ಟ್ರಸ್ಟಿನ ಭೂಮಿಯನ್ನು ಪರಭಾರೆ ಮಾಡಲಾಗದ ಆಸ್ತಿಯೆಂದು ಘೋಷಿಸಲು ಅಧಿಕಾರ ನೀಡಿತು. ಟ್ರಸ್ಟಿನ ನಿಜವಾದ ಬಲ ಈ ಕಾಯಿದೆಯಲ್ಲಿದೆ.

ನಿಲುವುಗಳು ಮತ್ತು ನಿಧನ

ಹಿಲ್ ಅವರ ಎಲ್ಲ ನಿಲುವುಗಳನ್ನೂ ಇಂದು ಒಪ್ಪುವುದು ಕಷ್ಟ. ನಗರಸಭೆಗಳು ಮನೆ ಕಟ್ಟಿಸಿಕೊಡುವುದನ್ನೂ ಸರ್ಕಾರ ವೃದ್ಧಾಪ್ಯ ವೇತನ ನೀಡುವುದನ್ನೂ ಅವರು ವಿರೋಧಿಸಿದರು. ನೂರಾರು ಮನೆಗಳ ಆಡಳಿತವನ್ನು ಮಹಿಳೆಯರ ಕೈಗಿತ್ತ ಇವರೇ, ಸಂಸತ್ತಿನ ಚುನಾವಣೆಯಲ್ಲಿ ಮಹಿಳೆಯರಿಗೆ ಮತದಾನದ ಹಕ್ಕು ಬೇಡವೆಂದದ್ದು ಸೋಜಿಗವೇ ಸರಿ. 1905ರಲ್ಲಿ ಬಡವರ ಕಾನೂನುಗಳ ಪರಿಶೀಲನೆಗಾಗಿ ನೇಮಕಗೊಂಡ ರಾಯಲ್ ಆಯೋಗದ ಸದಸ್ಯರಾಗಿದ್ದರು.

1912ರಲ್ಲಿ ಮ್ಯಾರಿಲಿಬೋನಿನ ತಮ್ಮ ಮನೆಯಲ್ಲಿ ನಿಧನರಾದರು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿಯ ಗೌರವ ದೊರೆಯುವಂತಿದ್ದರೂ ಕುಟುಂಬದವರು ಅದನ್ನು ಸ್ವೀಕರಿಸಲಿಲ್ಲ. ಕೆಂಟ್ ಪ್ರಾಂತ್ಯದ ಕ್ರಾಕಮ್ ಹಿಲ್ ಗ್ರಾಮದ ಚರ್ಚಿನ ಆವರಣದಲ್ಲಿ, ಅಕ್ಕ ಮಿರಾಂಡಾರ ಸಮಾಧಿಯ ಬಳಿಯಲ್ಲೇ ಅವರ ಸಮಾಧಿಯಿದೆ.